500 ವ್ಯಾಟ್ ಮಿಕ್ಸಿಯಲ್ಲಿ ಹಸಿರು ಸ್ಮೂದಿ: ತಾರಸಿ ಸೊಪ್ಪಿನಿಂದ ಲೋಟದವರೆಗೆ

ಸೊಪ್ಪು, ಹಣ್ಣು ಒಟ್ಟಿಗೆ ರುಬ್ಬಿ ಕುಡಿಯುವ ಹಸಿರು ಸ್ಮೂದಿಯ ವಿಡಿಯೋಗಳಲ್ಲಿ ಕಾಣುವ ದೊಡ್ಡ ಬ್ಲೆಂಡರ್ ನಮ್ಮ ಮನೆಯಲ್ಲಿಲ್ಲ. ಬೆಲೆ ವಿಚಾರಿಸಿದ ಮೇಲೆ ತರುವ ಆಸೆಯೂ ಹೋಯಿತು. ಇರುವುದು ಚಟ್ನಿ, ಹುಳಿ ಮಸಾಲೆ, ಹಬ್ಬದ ದಿನ ಹೂರಣ ಎಲ್ಲಕ್ಕೂ ದುಡಿದ ಹಳೆಯ 500 ವ್ಯಾಟ್ ಮಿಕ್ಸಿ, ಜೊತೆಗೆ ಮೂರು ಸ್ಟೀಲ್ ಜಾರ್. ಇದರಲ್ಲೇ ನಾರು ಸಿಗದ, ಹಸಿ ವಾಸನೆ ಹೊಡೆಯದ ಸ್ಮೂದಿ ಬರಬೇಕು, ಸೊಪ್ಪು ಆದಷ್ಟೂ ನಮ್ಮ ತಾರಸಿಯದ್ದೇ ಆಗಬೇಕು ಎಂದು ಜನವರಿಯಲ್ಲಿ ಶುರು ಮಾಡಿದೆ. ಮನೆ ಮೈಸೂರಿನಲ್ಲಿ. ಹಣ್ಣು ಬರುವುದು ದೇವರಾಜ ಮಾರುಕಟ್ಟೆಯಿಂದ, ಇಲ್ಲವೇ ಬೀದಿಗೆ ಬರುವ ಗಾಡಿಯಿಂದ. ಏನೇನು ಮಾಡಿದೆ, ಎಲ್ಲೆಲ್ಲಿ ಕೆಟ್ಟಿತು ಎಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

1. ಜನವರಿ: ಸೊಪ್ಪು ಹಾಕಿದ್ದು

12 ಇಂಚು ಅಗಲ, 12 ಇಂಚು ಎತ್ತರದ ಗ್ರೋ ಬ್ಯಾಗ್ 6 ತಂದೆ, ಒಂದಕ್ಕೆ 35 ರೂಪಾಯಿ. 5 ಕಿಲೋ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ 180 ರೂಪಾಯಿ. ಎರೆಗೊಬ್ಬರ 10 ಕಿಲೋಗೆ 200. ಕೆಂಪು ಮಣ್ಣು ಪಕ್ಕದ ಮನೆ ಕಟ್ಟುತ್ತಿದ್ದ ಜಾಗದಿಂದ ಕೇಳಿ ತಂದದ್ದು, ಪುಕ್ಕಟೆ. ಎರಡು ಪಾಲು ಮಣ್ಣು, ಒಂದು ಪಾಲು ಕೊಕೊಪಿಟ್, ಒಂದು ಪಾಲು ಎರೆಗೊಬ್ಬರ, ಬ್ಯಾಗಿಗೆ ಒಂದೊಂದು ಹಿಡಿ ಬೇವಿನ ಹಿಂಡಿ. ಅಷ್ಟೇ.

ಎರಡು ಬ್ಯಾಗಿಗೆ ಪಾಲಕ್. ಬೀಜ ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಹಾಕಿದೆ. ಒಂದಕ್ಕೆ ಹರಿವೆ. ಪುದೀನಕ್ಕೆ ಬೀಜ ಬೇಡ. ಮಾರುಕಟ್ಟೆಯ ಕಟ್ಟಿನಲ್ಲಿ ದಪ್ಪ ಕಡ್ಡಿ ಆರಿಸಿ, ಕೆಳಗಿನ ಎಲೆ ಕಿತ್ತು ನೀರಿನ ಲೋಟದಲ್ಲಿ ಇಟ್ಟರೆ ವಾರದೊಳಗೆ ಬೇರು ಬರುತ್ತದೆ. ದೊಡ್ಡಪತ್ರೆಯದ್ದೂ ಕಡ್ಡಿ ಚುಚ್ಚಿದರೆ ಸಾಕು. ಅದನ್ನು ಸಾಯಿಸುವುದೇ ಕಷ್ಟ. ಒಂದೆಲಗ ಮಾತ್ರ ಅತ್ತೆ ಮಲೆನಾಡಿನ ಸಾಗರದ ಕಡೆಯ ತಮ್ಮ ತವರಿನಿಂದ ಬೇರು ಸಮೇತ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟರು. ಅದಕ್ಕೆ ನೆರಳು ಬೇಕು, ತೇವ ಬೇಕು. ನೀರಿನ ಟ್ಯಾಂಕಿನ ನೆರಳಿನಲ್ಲಿಟ್ಟ ಮೇಲೆ ಹಬ್ಬಿತು. ಅದಕ್ಕೂ ಮುಂಚೆ ಬಿಸಿಲಿಗಿಟ್ಟಾಗ ಎಲೆ ಅಂಚು ಸುಟ್ಟು ಕಾಸಿನಷ್ಟಗಲಕ್ಕೆ ನಿಂತಿತ್ತು.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ತಾರಸಿ ತೋಟದವರು ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿದ ಗೊಬ್ಬರದ ನೀರು), ಸಗಣಿ ಬಗ್ಗಡ ಎಲ್ಲ ಧಾರಾಳವಾಗಿ ಹಾಕುತ್ತಾರೆ. ಬೇಯಿಸಿ ತಿನ್ನುವ ತರಕಾರಿಗೆ ಸರಿ. ಹಸಿಯಾಗಿ ರುಬ್ಬಿ ಕುಡಿಯುವ ಸೊಪ್ಪಿನ ಮೇಲೆ ಹಸಿ ಸಗಣಿ ಬೀಳಬಾರದು. ತೊಳೆದರೆ ಹೋಗುತ್ತದೆ ಎಂಬ ಭರವಸೆ ಇಲ್ಲ. ನಾನು ಚೆನ್ನಾಗಿ ಕಳಿತ ಎರೆಗೊಬ್ಬರವನ್ನು ಬುಡಕ್ಕೆ ಮಾತ್ರ ಹಾಕುತ್ತೇನೆ, ಎಲೆಗೆ ಏನೂ ಸಿಂಪಡಿಸುವುದಿಲ್ಲ. ಪಾಲಕ್ ಎಲೆಯೊಳಗೆ ರಂಗೋಲಿ ಹುಳು ಬಂದು ಬಿಳಿ ಗೆರೆ ಎಳೆದಾಗಲೂ ಬೇವಿನೆಣ್ಣೆ ಹೊಡೆಯಲಿಲ್ಲ. ಅಂಥ ಎಲೆ ಕಿತ್ತು ಎಸೆದೆ.

2. ಫೆಬ್ರವರಿ: ಎಲ್ಲ ಒಟ್ಟಿಗೆ ಹಾಕಿ ತಿರುಗಿಸಿದ್ದು

ಮೊದಲ ಪಾಲಕ್ ಕೊಯ್ಲು. ದೊಡ್ಡ ಜಾರಿಗೆ ಎರಡು ಹಿಡಿ ಎಲೆ, ಒಂದು ಪಚ್ಚಬಾಳೆ, ಅರ್ಧ ಸೇಬು, ಐಸ್ ತುಂಡು, ನೀರು. 3ನೇ ಸ್ಪೀಡಿನಲ್ಲಿ ಎರಡು ನಿಮಿಷ.

ಮುಚ್ಚಳ ತೆಗೆದರೆ ಮೇಲೆ ಎರಡು ಇಂಚು ನೊರೆ. ಅದರ ಕೆಳಗೆ ಎಲೆ ಚೂರು ತೇಲುವ ಹಸಿರು ನೀರು. ಅರ್ಧ ಎಲೆ ಮುಚ್ಚಳದ ಒಳಗೆ ಅಂಟಿಕೊಂಡು ಹಾಗೇ ಇತ್ತು. ನಮ್ಮೆಜಮಾನರು ಏನೂ ಅನ್ನದೆ ಕುಡಿದು ಆಫೀಸಿಗೆ ಹೋದರು. ಹಲ್ಲಿನ ಸಂದಿಯಲ್ಲಿ ಪಾಲಕ್ ಇಟ್ಟುಕೊಂಡೇ ಬೆಳಗಿನ ಮೀಟಿಂಗ್ ಮುಗಿಸಿದರಂತೆ.

ಎಲ್ಲಿ ತಪ್ಪಿತು ಎಂದು ಒಂದೊಂದೇ ಬದಲಿಸಿ ನೋಡಿದೆ:

ನೊರೆಗೆ ಕಾರಣ ಸ್ಪೀಡು. ತೆಳ್ಳಗಿನ ನೀರನ್ನು ಜೋರಾಗಿ ತಿರುಗಿಸಿದರೆ ಗಾಳಿ ಸೇರುತ್ತದೆ. 1ನೇ ಸ್ಪೀಡಿಗೆ ಇಳಿಸಿದರೆ ನೊರೆ ಕಡಿಮೆ, ಆದರೆ ಎಲೆ ಮುರಿಯುವುದಿಲ್ಲ. ಅಂದರೆ ಎಲೆಯನ್ನು ನೀರು ಕಡಿಮೆ ಇರುವಾಗಲೇ ಮುರಿಯಬೇಕು, ಹಣ್ಣು ಆಮೇಲೆ.

ಐಸ್ ಬೇಡವೇ ಬೇಡ. ಮಿಕ್ಸಿ ಬ್ಲೇಡು ಇರುವುದು ಕಾಯಿ, ಮೆಣಸಿನಕಾಯಿಗೆ. ಐಸ್ ಹಾಕಿದಾಗಲೆಲ್ಲ ಜಾರು ಕಲ್ಲು ಅಲ್ಲಾಡಿಸಿದ ಸದ್ದು ಮಾಡುತ್ತಿತ್ತು, ರುಚಿಯೂ ನೀರಾಗುತ್ತಿತ್ತು. ಬದಲಿಗೆ ಬಾಳೆಹಣ್ಣನ್ನೇ ಅರ್ಧ ಇಂಚಿನ ಬಿಲ್ಲೆ ಮಾಡಿ ಫ್ರೀಜರಿನಲ್ಲಿಟ್ಟೆ. ಅದು ಸರಿಯಾದ ದಾರಿ. ಆದರೆ ಫ್ರೀಜರಿನಿಂದ ತೆಗೆದ ಕೂಡಲೇ ಹಾಕಬಾರದು. ಹಾಗೆ ಹಾಕಿದ ದಿನ ಬ್ಲೇಡು ಸಿಕ್ಕಿಕೊಂಡು, ಮೋಟರ್ ಗೊಣಗಿ, ಮಿಕ್ಸಿ ನಿಂತುಹೋಯಿತು. ಸುಟ್ಟಿತೆಂದು ಹೆದರಿ ಅಂಗಡಿಗೆ ಒಯ್ಯುವ ಮೊದಲು ಮಿಕ್ಸಿಯನ್ನು ಮಗುಚಿ ಅಡಿ ನೋಡಿ. ಓವರ್‌ಲೋಡ್ ಆದಾಗ ಹೊರಗೆ ಬರುವ ಪುಟ್ಟ ಗುಂಡಿ ಇರುತ್ತದೆ. ಪ್ಲಗ್ ತೆಗೆದು, ಹತ್ತು ನಿಮಿಷ ಆರಲು ಬಿಟ್ಟು, ಅದನ್ನು ಒಳಗೆ ಒತ್ತಿದರೆ ಮತ್ತೆ ಓಡುತ್ತದೆ. ಈಗ ಬಿಲ್ಲೆಗಳನ್ನು ಎಂಟ್ಹತ್ತು ನಿಮಿಷ ಹೊರಗಿಡುತ್ತೇನೆ. ಚಾಕು ಇಳಿಯುವಷ್ಟು ಮೆತ್ತಗಾದರೆ ಸಾಕು.

3. ಫೆಬ್ರವರಿ ಕೊನೆ: ಚಟ್ನಿ ಜಾರು, ಮತ್ತೆ ಕಾಯಿ

ಎಲೆಯನ್ನು ಮೊದಲು ಚಟ್ನಿ ಜಾರಿಗೆ ಹಾಕಿದೆ. ಸಣ್ಣ ಜಾರಿನಲ್ಲಿ ಎಲೆಗೆ ಓಡಿಹೋಗಲು ಜಾಗವಿಲ್ಲ, ಬ್ಲೇಡಿಗೆ ಸಿಗುತ್ತದೆ. ನಾಲ್ಕು ಚಮಚ ನೀರು ಹಾಕಿ ತಿರುಗಿಸಿದರೆ ಮುಕ್ಕಾಲು ಪಾಲು ನುಣ್ಣಗಾಯಿತು. ಉಳಿದ ಕಾಲು ಪಾಲೇ ತೊಂದರೆ. ಎರಡು ಬೆರಳ ನಡುವೆ ಉಜ್ಜಿದರೆ ಚಿಕ್ಕ ಚಿಕ್ಕ ಸಿಪ್ಪೆ ಸಿಗುತ್ತಿತ್ತು. ಇನ್ನೂ ತಿರುಗಿಸಿದರೆ ಜಾರು ಬಿಸಿಯಾಗಿ ಬೇಯಿಸಿದ ಸೊಪ್ಪಿನ ವಾಸನೆ. ಸೋಸಿದರೆ ಸೊಪ್ಪಿನ ಅರ್ಧ ಭಾಗ ಜಾಲರಿಯಲ್ಲೇ ಉಳಿಯುತ್ತದೆ. ಹಾಗೆ ಸೋಸಿ ಕುಡಿಯುವುದಾದರೆ ಜ್ಯೂಸ್ ಮಾಡಬಹುದಲ್ಲ.

ಇಲ್ಲಿ ಕೆಲಸ ಒಂದಷ್ಟು ದಿನ ನಿಂತಿತ್ತು. ಬಿಡಿಸಿದ್ದು ಅತ್ತೆ. ಅಡುಗೆಮನೆಗೆ ಬಂದು ಜಾರಿನೊಳಗೆ ಇಣುಕಿ, "ಕಾಯಿ ಹಾಕದೆ ಸೊಪ್ಪು ರುಬ್ಬಿದ್ರೆ ಹೀಗೇ ಕಣೇ. ತಂಬುಳಿಗೆ ನಾವು ಬರೀ ಎಲೆ ಅರೀತೀವಾ?" ಅಂದರು.

ಹೌದಲ್ಲ! ಮಲೆನಾಡಿನಲ್ಲಿ ಒಂದೆಲಗ, ದೊಡ್ಡಪತ್ರೆಯ ತಂಬುಳಿ ಮಾಡುವಾಗ ಎಲೆಯ ಜೊತೆ ಕಾಯಿತುರಿ, ಜೀರಿಗೆ ಹಾಕಿ ರುಬ್ಬಿ ಆಮೇಲೆ ಮಜ್ಜಿಗೆ ಬೆರೆಸುತ್ತಾರೆ. ಮಿಕ್ಸಿ ಬರುವ ಮುಂಚಿನ ಒರಳಿನ ಲೆಕ್ಕ ಅದು. ಕಾಯಿತುರಿ ಎಲೆಯನ್ನು ಹಿಡಿದು ಬ್ಲೇಡಿಗೆ ಕೊಡುತ್ತದೆ. ಅದರ ಹಾಲು ಬಿಟ್ಟುಕೊಂಡು ನುಣುಪು ಬರುತ್ತದೆ. ಸೊಪ್ಪಿನ ಕಹಿ, ಒಗರು ಎರಡೂ ತಗ್ಗುತ್ತವೆ.

40 ಗ್ರಾಂ ಪಾಲಕ್‌ಗೆ ಎರಡು ದೊಡ್ಡ ಚಮಚ ಹಸಿ ಕಾಯಿತುರಿ, ಮೂರ್ನಾಲ್ಕು ಚಮಚ ತಣ್ಣನೆಯ ನೀರು. ಮೊದಲು ನಾಲ್ಕೈದು ಸಲ ಪಲ್ಸ್ ಕೊಟ್ಟೆ (ಕ್ಷಣ ಓಡಿಸಿ ನಿಲ್ಲಿಸುವುದು), ಅಂಚಿಗೆ ಮೆತ್ತಿದ್ದನ್ನು ಚಮಚದಲ್ಲಿ ಕೆಳಗೆ ತಳ್ಳಿದೆ, ಆಮೇಲೆ 2ನೇ ಸ್ಪೀಡಿನಲ್ಲಿ 30 ಸೆಕೆಂಡಿನಂತೆ ಎರಡು ಸಲ, ನಡುವೆ ಸ್ವಲ್ಪ ಬಿಡುವು. ಬೆರಳಿಗೆ ತೆಗೆದು ಉಜ್ಜಿದರೆ ಸಿಪ್ಪೆ ಇಲ್ಲ. ಕಾಯಿಯ ಸಣ್ಣ ತರಿ ಮಾತ್ರ ಇತ್ತು, ಅದೂ ಬಾಳೆಹಣ್ಣು ಸೇರಿದ ಮೇಲೆ ಬಾಯಿಗೆ ಗೊತ್ತಾಗಲಿಲ್ಲ. ಒಣ ಕೊಬ್ಬರಿ ಹಾಕಿ ನೋಡಿದೆ, ಬೇಡ. ಎಣ್ಣೆ ವಾಸನೆ ಮುಂದಾಗುತ್ತದೆ.

ದೊಡ್ಡ ಬ್ಲೆಂಡರಿನ ಯೋಚನೆಯನ್ನು ಆ ದಿನವೇ ಪೂರ್ತಿ ಕೈಬಿಟ್ಟೆ.

4. ಮಾರ್ಚ್: ಕಪ್ಪು ನೀರು, ಚಿಕ್ಕ ರಿಪೇರಿ

ಸ್ಮೂದಿಯಲ್ಲಿ ಒಂದು ದಿನ ಬೂದು ಬಣ್ಣದ ಗೆರೆ ಕಂಡಿತು. ಪುದೀನ ಕಪ್ಪಾಗಿರಬೇಕು ಅಂದುಕೊಂಡು ಕುಡಿದೆವು. ಮರುದಿನ ಮಿಕ್ಸಿಯ ಮೇಲೆ ಜಾರು ಕೂರುವ ಜಾಗದಲ್ಲಿ ಕಪ್ಪು ನೀರು. ಚಟ್ನಿ ಜಾರಿನ ಬುಷ್ (ಬ್ಲೇಡಿನ ಶಾಫ್ಟ್ ತಿರುಗುವ ಬಳೆ) ಸವೆದು ಬ್ಲೇಡಿನ ಬುಡದಿಂದ ಸೋರುತ್ತಿತ್ತು. ಜೊತೆಗೆ ಪುದೀನ ಕಡ್ಡಿಯ ನಾರು ಬ್ಲೇಡಿನ ಶಾಫ್ಟಿಗೆ ದಾರದಂತೆ ಸುತ್ತಿಕೊಂಡಿತ್ತು. ಚಟ್ನಿ ಗಟ್ಟಿ ಇರುವುದರಿಂದ ಇಷ್ಟು ದಿನ ಸೋರಿಕೆ ತಿಳಿದಿರಲಿಲ್ಲ, ಅಷ್ಟೇ.

ಚಿಮುಟದಲ್ಲಿ ನಾರು ಎಳೆದು ತೆಗೆದೆ. ಬ್ಲೇಡ್ ಬಿಚ್ಚಲು ಮನೆಯಲ್ಲಿ ಪ್ರಯತ್ನಿಸಿದರೆ ಜಾರಿನ ಅಡಿಯಲ್ಲಿ ಮೋಟರಿಗೆ ಕೂರುವ ಕಪ್ಲರ್ ಅಲ್ಲಾಡಲೇ ಇಲ್ಲ. ಸಾಮಾನ್ಯವಾಗಿ ಅದರ ತಿರುಪು ಉಲ್ಟಾ ಇರುತ್ತದೆ. ಬಿಚ್ಚಲು ಹೋಗಿ ನಾನು ಇನ್ನಷ್ಟು ಬಿಗಿ ಮಾಡಿದ್ದೆ. ರಿಪೇರಿ ಅಂಗಡಿಯವರು ಬುಷ್, ವಾಷರ್, ಕಪ್ಲರ್ ಮೂರೂ ಬದಲಿಸಿ 190 ರೂಪಾಯಿ ತೆಗೆದುಕೊಂಡರು. ಬ್ಲೇಡ್ ಸಾಣೆಗೆ 40.

ಜಾರು ಸರಿ ಇದೆಯೇ ಎಂದು ನೋಡುವುದು ಸುಲಭ. ಕಾಲು ಭಾಗ ನೀರು ತುಂಬಿ ಬಿಳಿ ಕಾಗದದ ಮೇಲೆ ಅರ್ಧ ಗಂಟೆ ಇಡಿ. ಕಾಗದ ಒದ್ದೆಯಾದರೆ ಬುಷ್ ಹೋಗಿದೆ. ಕಡ್ಡಿಗಳನ್ನು ನಾನೀಗ ಜಾರಿಗೆ ಹಾಕುವುದೇ ಇಲ್ಲ. ಪುದೀನದ್ದು ಎಲೆ ಮಾತ್ರ, ಪಾಲಕ್‌ದು ದಪ್ಪ ತೊಟ್ಟು ಮುರಿದು ಬರೀ ಎಲೆ. ತೊಟ್ಟು ಸಾರಿಗೆ ಹೋಗುತ್ತದೆ.

5. ಯಾವ ಎಲೆ ಒಗ್ಗಿತು, ಯಾವುದು ಇಲ್ಲ

ಪಾಲಕ್ ಎಲ್ಲದಕ್ಕೂ ಹೊಂದುತ್ತದೆ, ಅದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಹಸಿರು ಹರಿವೆಯ ಎಳೆ ಎಲೆ ಪರವಾಗಿಲ್ಲ, ಸ್ವಲ್ಪ ಮಣ್ಣಿನ ವಾಸನೆ. ಕೆಂಪು ಹರಿವೆ ಮಾತ್ರ ಹಳದಿ ಹಣ್ಣಿನ ಜೊತೆ ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ರುಚಿ ಕೆಟ್ಟಿರಲಿಲ್ಲ, ಮಗಳು ಲೋಟ ಮುಟ್ಟಲಿಲ್ಲ. ಕಲ್ಲಂಗಡಿಗೆ ಹಸಿರು ಸೊಪ್ಪು ಹಾಕಿದರೂ ಅದೇ ಗತಿ.

ಬಸಳೆ: ಲೋಳೆ. ಚಮಚ ಎತ್ತಿದರೆ ಎಳೆ ಎಳೆಯಾಗಿ ಬರುತ್ತದೆ. ಹುಳಿಯಲ್ಲಿ ಎಷ್ಟು ಚೆಂದವೋ ಇಲ್ಲಿ ಅಷ್ಟೇ ಕೆಟ್ಟದ್ದು.

ನುಗ್ಗೆ ಸೊಪ್ಪನ್ನು ಎಲ್ಲರೂ ಹಾಕಿ ಅನ್ನುತ್ತಾರೆ. ಹಸಿಯಾಗಿ ಕಾರ, ಕಹಿ, ನಾಲಿಗೆಯ ಹಿಂದೆ ನಿಲ್ಲುತ್ತದೆ. ತುದಿಯ ಚಿಗುರು ಒಂದು ಚಮಚದಷ್ಟು ಹಾಕಿದರೆ ಗೊತ್ತಾಗುವುದಿಲ್ಲ. ಹಿಡಿ ಹಾಕಬೇಡಿ. ಅದು ಪಲ್ಯ, ಸಾರಿಗೇ ಇರಲಿ.

ಕರಿಬೇವು ಎಷ್ಟು ರುಬ್ಬಿದರೂ ಗಂಟಲಿಗೆ ಸಿಗುವ ಚೂರು ಉಳಿಸುತ್ತದೆ. ಮೆಂತ್ಯ ಸೊಪ್ಪು ಸುಮ್ನೆ ಕಹಿ. ನಿಂಬೆಹುಲ್ಲನ್ನು ರುಬ್ಬಲೇಬಾರದು, ನಾರು ಮುರಿಯುವುದೇ ಇಲ್ಲ. ಎರಡು ಎಳೆ ಗಂಟು ಕಟ್ಟಿ ಒಂದು ಲೋಟ ನೀರಿನಲ್ಲಿ ಐದು ನಿಮಿಷ ಕುದಿಸಿ, ತಣಿಸಿ, ಆ ನೀರನ್ನೇ ಸ್ಮೂದಿಗೆ ಹಾಕಿದರೆ ಅನಾನಸ್ ಜೊತೆ ಬಹಳ ಚೆನ್ನ.

ದೊಡ್ಡಪತ್ರೆ ನನಗೆ ಅಚ್ಚರಿ ತಂದ ಎಲೆ. ಅದರ ಓಮದ ಘಾಟು ಮಾವಿಗೆ ಹಾಕಿದರೆ ಕೆಮ್ಮಿನ ಔಷಧಿ. ಅನಾನಸ್‌ಗೆ ಹಾಕಿದರೆ ಚಾಟ್ ಮಸಾಲಾ ಹಾಕಿದ ಹಾಗೆ ಎದ್ದು ನಿಲ್ಲುತ್ತದೆ. ಆದರೆ ಎರಡು ಲೋಟಕ್ಕೆ ಒಂದೇ ಎಲೆ, ಅದೂ ಅಂಗೈ ಅರ್ಧದಷ್ಟು. ಮೂರು ಹಾಕಿದ ದಿನ ಬಾಯಿ ಮಧ್ಯಾಹ್ನದವರೆಗೆ ಓಮದ ಕಾಳು ಜಗಿದಂತಿತ್ತು.

ಒಂದೆಲಗ ಸ್ವಲ್ಪ ಕಹಿ, ಒಗರು. ಹದಿನೈದಿಪ್ಪತ್ತು ಎಲೆ, ಕಾಯಿ, ಏಲಕ್ಕಿ ಬಾಳೆ, ಒಂದು ಚಿಟಿಕೆ ಜೀರಿಗೆ, ಮಜ್ಜಿಗೆ. ಇದು ಅತ್ತೆಗೂ ಹಿಡಿಸಿದ್ದು. "ಬಾಳೆಹಣ್ಣಿನ ತಂಬುಳಿ" ಅನ್ನುತ್ತಾರೆ. ಹೊರಗೆ ಗದ್ದೆ ಬದು, ಮೋರಿ ಪಕ್ಕ ಬೆಳೆದ ಒಂದೆಲಗ ಎಷ್ಟೇ ಚೆನ್ನಾಗಿ ಕಂಡರೂ ಹಸಿಯಾಗಿ ಬಳಸಬೇಡಿ.

ತೊಳೆಯುವ ಕ್ರಮ: ಅಗಲ ಪಾತ್ರೆಯ ನೀರಿಗೆ ಎಲೆ ಹಾಕಿ ಕೈಯಲ್ಲಿ ಆಡಿಸಿ, ಎಲೆಯನ್ನು ಮೇಲೆತ್ತಬೇಕು. ನೀರು ಬಗ್ಗಿಸಿದರೆ ಕೆಳಗೆ ಕೂತ ಮಣ್ಣು ಮತ್ತೆ ಎಲೆಗೇ ಬರುತ್ತದೆ. ಹೀಗೆ ಮೂರು ನೀರು, ಕೊನೆಗೆ ನಲ್ಲಿಯ ಕೆಳಗೆ. ಮಾರುಕಟ್ಟೆಯ ಪಾಲಕ್ ಆದರೆ ಹಸಿಯಾಗಿ ಬಳಸುವುದಿಲ್ಲ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತಕ್ಷಣ ತಣ್ಣೀರಿಗೆ ಹಾಕುತ್ತೇನೆ. ಬಣ್ಣ ಇನ್ನೂ ಗಾಢ ಹಸಿರಾಗುತ್ತದೆ, ಹಸಿ ವಾಸನೆಯೂ ಹೋಗುತ್ತದೆ. ಆ ಬಿಸಿನೀರನ್ನು ಚೆಲ್ಲಿಬಿಡಿ.

6. ಏಪ್ರಿಲ್–ಮೇ: ಹಣ್ಣು, ಅಳತೆ

ಮಾವು ಬಂದ ಮೇಲೆ ಕೆಲಸ ಹಗುರವಾಯಿತು. ಬಾದಾಮಿ, ರಸಪುರಿ ಎರಡೂ ಹಾಕಿ ನೋಡಿದೆ. ಬಾದಾಮಿಯ ತಿರುಳು ಗಟ್ಟಿ, ನಾರಿಲ್ಲ. ರಸಪುರಿಯ ಪರಿಮಳ ಪಾಲಕ್ಕನ್ನು ಪೂರ್ತಿ ಮುಚ್ಚುತ್ತದೆ, ಆದರೆ ತೆಳ್ಳಗಾಗುತ್ತದೆ. ತೋತಾಪುರಿ ಹುಳಿ ಇರುವಾಗ ಪುದೀನ, ಶುಂಠಿ, ಚಿಟಿಕೆ ಉಪ್ಪಿನ ಜೊತೆ ಬೇರೆಯೇ ರುಚಿ.

ಎರಡು ಲೋಟಕ್ಕೆ ನಾನು ನಿಂತ ಅಳತೆ: ಎಲೆ 40 ಗ್ರಾಂ, ಅಂದರೆ ಒತ್ತಿ ಹಿಡಿದ ಒಂದು ದೊಡ್ಡ ಹಿಡಿ. ಕಾಯಿತುರಿ 2 ದೊಡ್ಡ ಚಮಚ. ಸುಲಿದ ಬಾಳೆಹಣ್ಣು 100 ಗ್ರಾಂ: ಪಚ್ಚಬಾಳೆ ಆದರೆ ಒಂದು, ಏಲಕ್ಕಿ ಆದರೆ ಎರಡು. ಮಾವು, ಅನಾನಸ್ ಅಥವಾ ಪರಂಗಿ 100 ಗ್ರಾಂ. ಪುದೀನ ಎಂಟ್ಹತ್ತು ಎಲೆ, ಶುಂಠಿ ಕಾಲು ಇಂಚು. ತಣ್ಣೀರು ಅಥವಾ ಎಳನೀರು 200 ಎಂಎಲ್. ಸಿಹಿ ಹಣ್ಣಾದರೆ ಅರ್ಧ ನಿಂಬೆ, ಅದೂ ಲೋಟಕ್ಕೆ ಬಗ್ಗಿಸಿದ ಮೇಲೆ. ನಿಂಬೆ ಹಿಂಡಿ ಇಟ್ಟರೆ ಹಸಿರು ಮಂಕಾಗಿ ಒಣಗಿದ ಎಲೆಯ ಬಣ್ಣಕ್ಕೆ ಇಳಿಯುತ್ತದೆ.

ಎಲೆ, ಪುದೀನ, ಶುಂಠಿ, ಕಾಯಿ ಚಟ್ನಿ ಜಾರಿನಲ್ಲಿ. ಪೇಸ್ಟನ್ನು ದೊಡ್ಡ ಜಾರಿಗೆ ಹಾಕಿ ಹಣ್ಣು ಸೇರಿಸಿ ಮತ್ತೆ ರುಬ್ಬಿ, ಕೊನೆಗೆ ನೀರು ಹಾಕಿ 1ನೇ ಸ್ಪೀಡಿನಲ್ಲಿ ಹತ್ತೇ ಸೆಕೆಂಡು. ಒಟ್ಟು ಮಿಕ್ಸಿ ಓಡುವುದು ಎರಡು ನಿಮಿಷವೂ ಇಲ್ಲ.

ಅನಾನಸ್, ಪರಂಗಿಗೆ ಹಾಲು, ಮೊಸರು ಸೇರಿಸಿದರೆ ತಕ್ಷಣ ಕುಡಿಯಬೇಕು. ಆ ಹಣ್ಣುಗಳಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಫ್ರಿಜ್‌ನಲ್ಲಿಟ್ಟು ಸಂಜೆ ಕುಡಿಯಲು ಹೋದ ಅನಾನಸ್–ಮೊಸರಿನ ಸ್ಮೂದಿ ಗಿಡದ ಬುಡಕ್ಕೂ ಬೇಡವೆನಿಸಿ ಸಿಂಕಿಗೆ ಹೋಯಿತು. ಕಿತ್ತಳೆ ಹಾಕುವವರು ಬೀಜ, ಬಿಳಿ ನಾರು ಎರಡೂ ತೆಗೆಯಿರಿ. ಸೀಬೆ ಹಾಕಿದರೆ ಸೋಸದೆ ಗತಿಯಿಲ್ಲ. ದಾಳಿಂಬೆಗೂ ಹಾಗೆಯೇ.

7. ಜೂನ್: ದಿನಾ ಬೆಳಿಗ್ಗೆ ಎರಡು ಜಾರು ತೊಳೆಯುವವರು ಯಾರು?

ನಿಜವಾದ ಸಮಸ್ಯೆ ಇದೇ. ಶಾಲೆ ಶುರುವಾದ ಮೇಲೆ ಬೆಳಿಗ್ಗೆ ಚಟ್ನಿಗೂ ಅದೇ ಜಾರು ಬೇಕು. ಬೆಳ್ಳುಳ್ಳಿ ಚಟ್ನಿಯಾದ ಮೇಲೆ ಅದೇ ಜಾರಿನ ಸ್ಮೂದಿ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಈಗ ಭಾನುವಾರ 240 ಗ್ರಾಂ ಎಲೆಯನ್ನು ಕಾಯಿ ಹಾಕಿ ಒಟ್ಟಿಗೆ ರುಬ್ಬಿ ಐಸ್ ಟ್ರೇಗೆ ತುಂಬಿಸುತ್ತೇನೆ. ಗಟ್ಟಿಯಾದ ಮೇಲೆ ಕಿತ್ತು ಡಬ್ಬಿಗೆ. ದಿನಕ್ಕೆ ನಾಲ್ಕು ಗಡ್ಡೆ. ಬೆಳಿಗ್ಗೆ ಗಡ್ಡೆಗಳನ್ನು ಲೋಟದಲ್ಲಿ ಕರಗಲು ಬಿಟ್ಟು, ಹಣ್ಣಿನ ಜೊತೆ ದೊಡ್ಡ ಜಾರಿಗೆ. ಬಣ್ಣ ವಾರವಿಡೀ ಹಾಗೇ ಇರುತ್ತದೆ. ಪುದೀನ ಮಾತ್ರ ಇದರಲ್ಲಿ ಕಪ್ಪಾಗುತ್ತದೆ, ಅದನ್ನು ದಿನಾ ಹಸಿಯಾಗಿಯೇ ಹಾಕಬೇಕು. ಮಾಡಿದ ಸ್ಮೂದಿಯನ್ನು ಬಾಟಲಿಗೆ ತುಂಬಿಡುವ ಯೋಚನೆ ಕೈಗೂಡಲಿಲ್ಲ. ಬಾಳೆಹಣ್ಣು ಇದ್ದದ್ದೆಲ್ಲ ಮಧ್ಯಾಹ್ನಕ್ಕೆ ಮೇಲ್ಪದರ ಕಂದಾಗಿ, ಕೆಳಗೆ ನೀರು ಬೇರೆಯಾಗುತ್ತದೆ.

ಖರ್ಚು: ಬ್ಯಾಗ್, ಮಣ್ಣಿನ ಸಾಮಾನು, ಬೀಜ ಸೇರಿ 650 ರೂಪಾಯಿ, ಮಿಕ್ಸಿ ಜಾರಿಗೆ 230. ಒಂದು ಲೋಟಕ್ಕೆ ಹಣ್ಣು, ಕಾಯಿ ಸೇರಿ 20ರಿಂದ 25 ಬೀಳುತ್ತದೆ. ಮಾವು ಮುಗಿದು ಪರಂಗಿಗೆ ಇಳಿದರೆ 15. ಸ್ವಂತ ಸೊಪ್ಪಿನಿಂದ ಉಳಿತಾಯ ಅಷ್ಟಕ್ಕಷ್ಟೇ. ಎರಡು ಬ್ಯಾಗಿನ ಪಾಲಕ್ ವಾರಕ್ಕೆ ಸಾಕಾಗುವುದಿಲ್ಲ, ಅರ್ಧಕ್ಕಿಂತ ಜಾಸ್ತಿ ಹೊರಗಿಂದಲೇ ತರಬೇಕು. ಏಪ್ರಿಲ್ ಬಿಸಿಲಿಗೆ ಅದು ಹೂಕಾಂಡ ಬಿಟ್ಟು ಎಲೆ ಕಹಿಯಾಯಿತು ಬೇರೆ.

ಕುಡಿಯುವವರ ವಿಷಯ. ಪಾಲಕ್, ಹರಿವೆ ಎರಡರಲ್ಲೂ ಆಕ್ಸಲೇಟ್ (ಕಿಡ್ನಿ ಕಲ್ಲಿಗೆ ಕಾರಣವಾಗಬಲ್ಲ ಅಂಶ) ಜಾಸ್ತಿ. ಕಿಡ್ನಿ ಕಲ್ಲು ಆದವರು ಡಾಕ್ಟರನ್ನು ಕೇಳದೆ ದಿನಾ ಕುಡಿಯಬಾರದು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರೂ ಅಷ್ಟೇ, ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಮಾತ್ರೆಗೆ ಅಡ್ಡ ಬರುತ್ತದೆ. ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ. ಅವರ ಲೋಟಕ್ಕೆ ಮಾವು, ಬಾಳೆ ಇಲ್ಲ: ಸೌತೆಕಾಯಿ, ಒಂದೆಲಗ, ಪುದೀನ, ಒಂದು ನೆಲ್ಲಿಕಾಯಿ, ಮಜ್ಜಿಗೆ, ಉಪ್ಪು. ಅವರದ್ದೇ ಚೆನ್ನಾಗಿದೆ ಎಂದು ಈಗ ಎಜಮಾನರೂ ಅದನ್ನೇ ಕೇಳುತ್ತಿದ್ದಾರೆ.

ಬಾಕಿ ಇರುವುದು: ಪಾಲಕ್ ಬ್ಯಾಗುಗಳಿಗೆ 50 ಪರ್ಸೆಂಟ್ ನೆರಳು ಬಲೆ ಕಟ್ಟಬೇಕು. ದೊಡ್ಡ ಜಾರಿನ ಮುಚ್ಚಳದ ರಬ್ಬರ್ ಸಡಿಲವಾಗಿದೆ, ಈಗ ಕೈಯಲ್ಲಿ ಒತ್ತಿ ಹಿಡಿದೇ ತಿರುಗಿಸುತ್ತಿದ್ದೇನೆ. ಆ ಅಳತೆಯ ರಬ್ಬರ್ ರಿಪೇರಿ ಅಂಗಡಿಯಲ್ಲಿ ಇರಲಿಲ್ಲ, ಮುಂದಿನ ವಾರ ತರಿಸಿಕೊಡುತ್ತೇನೆ ಅಂದಿದ್ದಾರೆ.